ಹಂಝಾಕರ ವ್ಯಾನಿನ ಎರಡನೇ ಸಾಲು

ಬೆಳಗಿನ ಚಹಾ ಹೊಟ್ಟೆಯಲ್ಲಿ ಸರಿಯಾಗಿ ಕೂರುವ ಮೊದಲೇ ಹಂಝಾಕ ನಾಲ್ಕು ದೇಶ ಸುತ್ತಿ ಮುಗಿಸುತ್ತಿದ್ದರು. ಫ್ರಾನ್ಸಿನಲ್ಲಿ ಸುಮೀನಾಳನ್ನು ಹತ್ತಿಸಿಕೊಂಡು, ಪರ್ಶಿಯಾದ ಗೇಟಿನೆದುರು ರಾಜೀವಿಗಾಗಿ ಎರಡು ಹಾರ್ನ್ ಹೊಡೆದು, ಸ್ಪೇನಿನ ಮೂಲೆಯಲ್ಲಿ ಸುಜಿತನ ಸಿಗರೇಟು ಮುಗಿಯುವ ತನಕ ಬೈದು, ಮೊರಾಕ್ಕೊದಲ್ಲಿ ಕೊನೆಯವರನ್ನು ತುಂಬಿಸಿಕೊಂಡರೆ ಬಿಳಿ ವ್ಯಾನು ಭರ್ತಿ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಕಟ್ಟಡಗಳ ಒಂದೊಂದು ಗುಂಪಿಗೆ ಒಂದೊಂದು ದೇಶದ ಹೆಸರು. ಫ್ರಾನ್ಸಿನಲ್ಲಿ ಹುಡುಕಿದರೂ ಒಬ್ಬ ಫ್ರೆಂಚ್ ಸಿಗಲಾರ. ಸುಮೀನಾಳ ಮಹಡಿಯಲ್ಲಿ ಇದ್ದವರು ಬಂಟ್ವಾಳದವರು, ಪೇಶಾವರದವರು, ಮನಿಲಾದವರು.

ಹೀಗೆ ತಿಂಗಳಿಗಿಷ್ಟು ಎಂದು ಕೊಟ್ಟು ಒಂದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಿಬರುವುದಕ್ಕೆ ಇಲ್ಲಿ ಕಾರ್‌ಲಿಫ್ಟ್ ಎನ್ನುತ್ತಾರೆ. ಹಂಝಾಕರ ಕಾರ್‌ಲಿಫ್ಟ್ ಮೊದಲು ರಾಸ್ ಅಲ್ ಖೋರ್‌ನಲ್ಲಿ ನಿಲ್ಲುತ್ತದೆ. ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುವ ಸುಜಿತ್ ಅಲ್ಲಿ ಇಳಿಯುತ್ತಾನೆ. ಆಮೇಲೆ ಡಿಸ್ಕವರಿ ಗಾರ್ಡನ್ಸ್, ನಂತರ ಸುಮೀನಾಳ ಕಾಲೇಜು, ಕೊನೆಗೆ ಜೆಬೆಲ್ ಅಲಿಯಲ್ಲಿ ರಾಜೀವಿಯ ಆಫೀಸು.

ವ್ಯಾನು ಓಡಿಸುವವರು ಉಪ್ಪಿನಂಗಡಿಯ ಹಂಝಾಕರಾದರೂ ಅದನ್ನು ನಡೆಸುವವಳು ತಾನೇ ಎಂದು ಸುಮೀನಾಳ ಗಟ್ಟಿ ನಂಬಿಕೆ. ಯಾಕೆಂದರೆ ವಾಟ್ಸಾಪ್ ಗ್ರೂಪಿಗೆ ಅವಳೇ ಅಡ್ಮಿನ್. ಹಂಝಾಕರಿಗೆ ಟೈಪು ಮಾಡಲು ಬಾರದು. ಅವರ ವಾಯ್ಸ್ ಮೆಸೇಜುಗಳಲ್ಲಿ ಅರ್ಧ ಮಾತು, ಅರ್ಧ ಹಾರ್ನು. ಸೆಕೆಂಡ್ ಇಯರಿನ ಹುಡುಗಿಯ ಬೆರಳು ಫೋನಿನ ಮೇಲೆ ಆಡುವ ವೇಗ ನೋಡಿ, "ಇನ್ನು ನೀನೇ ನೋಡ್ಕೊ ಮೋಳೆ" ಎಂದು ಮಗಳನ್ನು ಕರೆದ ಹಾಗೆ ಕರೆದು ಒಂದು ದಿನ ಗ್ರೂಪನ್ನು ಅವಳ ಮಡಿಲಿಗೆ ಹಾಕಿದ್ದರು. ಅಂದೇ ಸಂಜೆ ಗ್ರೂಪಿಗೆ 'ಹಂಝಾಕ ಏರ್‌ಲೈನ್ಸ್' ಎಂದು ಹೆಸರಾಯಿತು. ಹುಟ್ಟಿದ ದಿನದ ಸ್ಟಿಕರು, ಮಂಜಿನ ಎಚ್ಚರಿಕೆ, ಎ.ಸಿ. ಹೆಚ್ಚು ಬೇಕೇ ಕಡಿಮೆ ಬೇಕೇ ಎಂದು ಮತದಾನ, ಎಲ್ಲ ಶುರುವಾಯಿತು. ಸುಮೀನಾಳಿಗೆ ಬರೆಯುವುದು ಎಂದರೆ ಫೋನಿನಲ್ಲಿ ಬರೆಯುವುದು. ಕಾಲೇಜಿನ ಪ್ರಬಂಧವೂ ಫೋನಿನಲ್ಲೇ, ಸಾಮಾನಿನ ಚೀಟಿಯೂ ಫೋನಿನಲ್ಲೇ. ಆದ್ದರಿಂದ ಫೋನಿನ ಬ್ಯಾಟರಿ ಅವಳ ಪಾಲಿಗೆ ಉಸಿರು.

ಆ ವ್ಯಾನಿನಲ್ಲಿ ಚಾರ್ಜು ಮಾಡುವ ಪಾಯಿಂಟು ಇದ್ದದ್ದು ಒಂದೇ ಕಡೆ, ಎರಡನೇ ಸಾಲಿನಲ್ಲಿ, ಕಿಟಕಿಯ ಸೀಟಿಗೂ ಅದರ ಪಕ್ಕದ ಸೀಟಿಗೂ ನಡುವೆ.

ಕಿಟಕಿಯ ಸೀಟು ಉಡುಪಿಯ ರಾಜೀವಿಯದ್ದು. ಅದರ ಪಕ್ಕದ ಸೀಟಿನಲ್ಲಿ ಎರಡು ವರ್ಷ ಕೂತವಳು ನಕಾಟೊ. ಉಗಾಂಡದವಳು, ಎತ್ತರದ ಹೆಂಗಸು, ನಕ್ಕರೆ ಹಿಂದಿನ ಬೆಂಚಿನವರೂ ಕಾರಣ ಗೊತ್ತಿಲ್ಲದೆ ನಗುತ್ತಿದ್ದರು. ರಾಜೀವಿಯ ಮಗಳು ತಾನ್ಯಾಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬೆಳಿಗ್ಗೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ವ್ಯಾನಿನಲ್ಲಿ ಬರುವುದು, ಡಿಸ್ಕವರಿ ಗಾರ್ಡನ್ಸಿನಲ್ಲಿ ರಾಜೀವಿಯ ಅತ್ತಿಗೆಯ ಮನೆಯಲ್ಲಿ ಹಗಲು ಕಳೆಯುವುದು, ಸಂಜೆ ಅದೇ ವ್ಯಾನಿನಲ್ಲಿ ವಾಪಸು. ಮಗುವಿನ ಜೊತೆ ಆಡಿ ಆಡಿ ಅವಳ ಬಾಯಿಗೆ ತುಳುವೂ ಹತ್ತಿತ್ತು. ತಾನ್ಯಾ ಅತ್ತರೆ "ಬಲ, ಬಲ" ಎಂದು ಹತ್ತಿರ ಕರೆದು ಎತ್ತಿಕೊಳ್ಳುತ್ತಿದ್ದಳು. ಸುಜಿತನ ತಂಗಿಯ ಮಗು ಊರಿನಿಂದ ಬಂದಾಗ ಅದನ್ನೂ ಎತ್ತಿಕೊಂಡಿದ್ದಳು. ಎರಡು ವರ್ಷದಲ್ಲಿ ಅವಳು ಅಲ್ಲಿ ಕೂತದ್ದರ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ.

ಈ ಏಪ್ರಿಲಿನಲ್ಲಿ ತಾನ್ಯಾ ಕೆ.ಜಿ.ಗೆ ಸೇರಿದಳು. ಮನೆಯ ಬಾಗಿಲಿಗೇ ಶಾಲೆಯ ಬಸ್ಸು ಬಂತು. ನಕಾಟೊಗೆ ಡಿಸ್ಕವರಿ ಗಾರ್ಡನ್ಸಿನ ಒಂದು ಶಿಶುವಿಹಾರದಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಮೂರು ತಿಂಗಳು ನೋಡಿ ಖಾಯಂ ಮಾಡುತ್ತೇವೆ ಎಂದರು. ಅವಳು ಮೊರಾಕ್ಕೊದಲ್ಲಿ ನಾಲ್ಕು ಜನರ ಕೋಣೆಯಲ್ಲಿ ಒಂದು ಮಂಚ ಹಿಡಿದು, ಹಂಝಾಕರಿಗೆ ತನ್ನ ಕೈಯಾರೆ ತಿಂಗಳ ಬಾಡಿಗೆ ಕೊಟ್ಟು, ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ನೀಲಿ ಅಂಗಿಯಲ್ಲಿ ವ್ಯಾನು ಹತ್ತಿದಳು. ಅಭ್ಯಾಸದ ಕಾಲು, ನೆಟ್ಟಗೆ ಎರಡನೇ ಸಾಲಿಗೆ ಹೋಯಿತು.

"ಗುಡ್ ಮಾರ್ನಿಂಗ್, ರಾಜೀವಿ" ಎಂದಳು.

ಅದುವರೆಗೆ 'ಮೇಡಂ' ಎನ್ನುತ್ತಿದ್ದವಳು.

ರಾಜೀವಿ ಕಿಟಕಿಯಾಚೆ ನೋಡಿದಳು. ಕಿಟಕಿಯಾಚೆ ನೋಡುವಂಥದ್ದು ಏನೂ ಇರಲಿಲ್ಲ, ಒಂದು ಕಸದ ಡಬ್ಬಿ ಮತ್ತು ಒಂದು ಬೆಕ್ಕು.

ನಾಲ್ಕು ದಿನ ಕಳೆದು ಸಂಜೆ ರಾಜೀವಿ ಸುಮೀನಾಳ ಹತ್ತಿರ ಬಂದು ಮೆಲ್ಲನೆ ಶುರುಮಾಡಿದಳು. "ಸುಮೀನಾ, ನೀನು ಅಡ್ಮಿನ್ ಅಲ್ವಾ? ಈ ಸೀಟಿಂದು ಒಂದು ವ್ಯವಸ್ಥೆ ಮಾಡು ಮಾರಾಯ್ತಿ. ಯಾರು ಎಲ್ಲಿ ಬೇಕಾದ್ರೂ ಕೂರುದಾ? ನಂಗೆ ಆ ತಲೆಗೆ ಹಾಕುವ ಎಣ್ಣೆ ವಾಸನೆಗೆ ತಲೆನೋವು ಬರ್ತದೆ."

"ಯಾರ ಎಣ್ಣೆ ಅಕ್ಕ?"

"ಯಾರದ್ದು ಅಂತ ನಾನು ಹೇಳುದಿಲ್ಲ. ಒಬ್ಬರ ಮೇಲೆ ಹೇಳುದು ಬೇಡ. ಎಲ್ಲರಿಗೂ ಒಂದೇ ರೂಲ್ ಮಾಡು, ಯಾರಿಗೂ ಬೇಜಾರಾಗಬಾರ್ದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಕೆಲಸವೆಂದರೆ ಸುಮೀನಾಳಿಗೆ ಪಂಚಪ್ರಾಣ. ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ರೂಲು ತಯಾರು:

'ಪ್ರಿಯ ಪ್ರಯಾಣಿಕರೇ, ಸೀಟಿನ ಗಲಾಟೆ ಖಲಾಸ್! ಗ್ರೂಪಿಗೆ ಮೊದಲು ಸೇರಿದವರಿಗೆ ಮುಂದಿನ ಸೀಟು, ಆಮೇಲೆ ಸೇರಿದವರಿಗೆ ಹಿಂದಿನದ್ದು. ದೊಡ್ಡವರು ಚಿಕ್ಕವರು ಅಂತ ಇಲ್ಲ. ಎಲ್ಲರಿಗೂ ಒಂದೇ ರೂಲ್. ಇತಿ ನಿಮ್ಮ ಅಡ್ಮಿನ್.'

ಹೆಬ್ಬೆರಳುಗಳ ಮಳೆ ಸುರಿಯಿತು. ಹಂಝಾಕ ವಾಯ್ಸ್ ಮೆಸೇಜಿನಲ್ಲಿ "ಮಾಫಿ ಮುಶ್ಕಿಲ್, ತೊಂದರೆ ಇಲ್ಲ" ಎಂದು ಹಾರ್ನ್ ಹೊಡೆದರು. ಆಗ ಸುಮೀನಾಳಿಗೆ ನೆನಪಾಯಿತು: ನಕಾಟೊ ಗ್ರೂಪಿನಲ್ಲೇ ಇಲ್ಲ. ರಾಜೀವಿ ಇದ್ದಳಲ್ಲ, ಅವಳಿಗೆ ಬೇರೆ ಯಾಕೆ ಎಂದು ಯಾರೂ ಸೇರಿಸಿರಲಿಲ್ಲ. ತಕ್ಷಣ ಸೇರಿಸಿ, ರೂಲನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹಾಕಿದಳು. ನಕಾಟೊ ಕೂಡ ರೂಲು ಓದಿ, ಒಂದು ಹೆಬ್ಬೆರಳು ಒತ್ತಿದಳು.

ಮರುದಿನ ಅವಳು ಕೊನೆಯ ಬೆಂಚಿಗೆ ಹೋದಳು. ಅದು ಚಕ್ರದ ಮೇಲಿನ ಬೆಂಚು. ಎ.ಸಿ.ಯ ಗಾಳಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಬಿಸಿಯಾಗಿರುತ್ತದೆ. ಗ್ರೂಪಿನ ಲೆಕ್ಕ ಹಾಕಿದರೆ ರಾಜೀವಿಯ ಪಕ್ಕದ ಸೀಟು ಬಂದದ್ದು ಸುಮೀನಾಳಿಗೇ. ಅವಳು ಅದನ್ನು ನಿಜವಾಗಿಯೂ ಯೋಚಿಸಿ ಮಾಡಿರಲಿಲ್ಲ. ಆದರೆ ಚಾರ್ಜರು ಸಿಕ್ಕಿಸಿ ಫೋನು 'ಟಿಂಗ್' ಎಂದಾಗ ಬೇಡ ಎಂದೂ ಅನಿಸಲಿಲ್ಲ. ಮನೆಯಲ್ಲಿ ಚಾರ್ಜು ಮಾಡುವ ಅಭ್ಯಾಸವೇ ತಪ್ಪಿಹೋಯಿತು.

ಇದೇ ವಾರ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅಲೆಕ್ಸಾಂಡರ್ ಸರ್ ಎಲ್ಲರಿಗೂ ಒಂದೊಂದು ವಿಷಯ ಹಂಚಿದ್ದರು. ಸುಮೀನಾಳಿಗೆ ಬಂದದ್ದು: ಅಮೆರಿಕದಲ್ಲಿ ಗುಲಾಮಗಿರಿ ನಿಂತ ಮೇಲೆ ಕಪ್ಪುಜನರನ್ನು ಬೇರೆ ಕೂರಿಸುವ ಕಾನೂನುಗಳು ಎಲ್ಲಿಂದ ಬಂದವು?

"ಸಿಂಪಲ್ ಸರ್" ಎಂದಿದ್ದಳು ಸುಮೀನಾ ಅಲ್ಲೇ ಎದ್ದು ನಿಂತು. "ಮೊದಲಿಂದ ಇದ್ದ ದ್ವೇಷ. ಗುಲಾಮಗಿರಿ ಹೋಯ್ತು, ದ್ವೇಷ ಹೋಗಲಿಲ್ಲ. ಅದನ್ನೇ ಕಾನೂನು ಅಂತ ಬರೆದ್ರು."

ಸರ್ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಕ್ಲಾಸು ಹತ್ತು ನಿಮಿಷ ಹೆಚ್ಚಾಗುತ್ತದೆ ಎಂದು ಎಲ್ಲರಿಗೂ ಗೊತ್ತು. "ಗುಲಾಮಗಿರಿ ಇದ್ದಾಗ ಬಿಳಿಯರ ಮಗುವನ್ನು ಎತ್ತಿ ಆಡಿಸಿದ್ದು ಯಾರು? ಅವರ ಅಡುಗೆ ಮಾಡಿದ್ದು ಯಾರು? ಒಂದೇ ಮನೆಯಲ್ಲಿ, ಒಂದೇ ಗಾಡಿಯಲ್ಲಿ ಇದ್ದರಲ್ಲ. ಆಗ ಬೇಡವಾಗಿದ್ದ ಗೋಡೆ ಆಮೇಲೆ ಯಾಕೆ ಬೇಕಾಯಿತು? ಕಾನೂನು ಯಾವಾಗ ಬಂತು, ಯಾವ ಜಾಗಕ್ಕೆ ಬಂತು ಅಂತ ಹುಡುಕು. ಗುರುವಾರ ಬೆಳಿಗ್ಗೆ ಮೊದಲ ಭಾಷಣ ನಿನ್ನದೇ."

ಗುರುವಾರ ಎಂದರೆ ಗುರುವಾರ. ಸುಮೀನಾ ವ್ಯಾನಿನ ಎರಡನೇ ಸಾಲಿನಲ್ಲಿ, ಚಾರ್ಜರಿನ ಬುಡದಲ್ಲಿ, ಹೋಗುವಾಗ ಬರುವಾಗ ಓದಿದಳು. ಓದುತ್ತ ಓದುತ್ತ ಅವಳಿಗೆ ಅದರ ಹುಚ್ಚೇ ಹಿಡಿಯಿತು.

ಅಮೆರಿಕದ ಅಂತರ್ಯುದ್ಧ ಮುಗಿದ ಅದೇ ವರ್ಷ, ಸಾವಿರದ ಎಂಟುನೂರ ಅರವತ್ತೈದರಲ್ಲಿ, ಮಿಸಿಸಿಪ್ಪಿ ರಾಜ್ಯ ಹೊಸ ನಿಯಮ ತಂದಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಪ್ರತಿಯೊಬ್ಬರೂ ವರ್ಷ ಶುರುವಾದ ಕೂಡಲೇ ತಮಗೆ ಕೆಲಸ ಇದೆ ಎಂದು ಬರಹದಲ್ಲಿ ತೋರಿಸಬೇಕು. ಕೆಲಸವಿಲ್ಲದೆ ಸಿಕ್ಕಿದರೆ ಅಲೆಮಾರಿ ಎಂದು ದಂಡ. ದಂಡ ಕಟ್ಟಲಾಗದಿದ್ದರೆ, ಅವರ ಪರವಾಗಿ ಕಟ್ಟಿದವನ ಹೊಲದಲ್ಲಿ ದುಡಿಮೆ. ಬಾಗಿಲಲ್ಲಿ ಕಳಿಸಿದ್ದನ್ನು ಕಿಟಕಿಯಲ್ಲಿ ಕರೆಸಿಕೊಂಡರು. ಆ ನಿಯಮಗಳು ಬಿದ್ದುಹೋದವು. ಮುಂದೆ ಹಲವು ವರ್ಷ ಕಪ್ಪುಜನ ಓಟು ಹಾಕಿದರು, ಅಂಗಡಿ ಇಟ್ಟರು, ತಮ್ಮ ಕಾಸಿನಲ್ಲಿ ಟಿಕೆಟು ತೆಗೆದು ರೈಲಿನ ಒಳ್ಳೆಯ ಬೋಗಿಯಲ್ಲಿ ಕೂತರು. ರೈಲಿನಲ್ಲೇ ಜಗಳ ಹೆಚ್ಚಾದದ್ದು. ಒಂದರ ಹಿಂದೆ ಒಂದರಂತೆ ದಕ್ಷಿಣದ ರಾಜ್ಯಗಳು ಬೇರೆ ಬೋಗಿಯ ಕಾನೂನು ಮಾಡಿದವು. ಎರಡೆರಡು ಬೋಗಿ ಎಳೆಯುವುದು ದುಬಾರಿ ಎಂದು ಕೆಲವು ರೈಲು ಕಂಪನಿಗಳೇ ಗೊಣಗಿದವು.

ಬುಧವಾರ ಬೆಳಿಗ್ಗೆ ಅವಳು ಓದುತ್ತಿದ್ದದ್ದು ಲೂಯಿಸಿಯಾನಾ ರಾಜ್ಯದ ಸಾವಿರದ ಎಂಟುನೂರ ತೊಂಬತ್ತರ ಕಾನೂನು. ಸಮಾನ ಆದರೆ ಬೇರೆ ಬೇರೆ ಬೋಗಿಗಳು. ಮೀರಿದರೆ ದಂಡ, ಇಲ್ಲವೇ ಜೈಲು. ಅದರ ಬಾಲದಲ್ಲಿ ಒಂದು ಸಣ್ಣ ವಿನಾಯಿತಿ: ಬೇರೆ ಜನಾಂಗದ ಮಗುವನ್ನು ನೋಡಿಕೊಳ್ಳುವ ದಾದಿಯರಿಗೆ ಈ ಕಾನೂನು ಅನ್ವಯಿಸುವುದಿಲ್ಲ.

ಸುಮೀನಾ ಎರಡು ಸಲ ಓದಿದಳು. ಮಡಿಲಲ್ಲಿ ಮಗು ಇದ್ದರೆ ಕೂರಬಹುದು. ಮಗು ಇಲ್ಲದೆ, ಕೈಯಲ್ಲಿ ಸ್ವಂತ ಟಿಕೆಟು ಹಿಡಿದು ಕೂರಬಾರದು.

"ಯಾ ಅಲ್ಲಾ" ಎಂದಳು ಗಟ್ಟಿಯಾಗಿ. ಪಕ್ಕದಲ್ಲಿ ರಾಜೀವಿ ಕಣ್ಣು ಮುಚ್ಚಿ ಇಯರ್‌ಫೋನಿನಲ್ಲಿ ಭಜನೆ ಕೇಳುತ್ತಿದ್ದಳು. ಸುಮೀನಾಳ ತಲೆಯಲ್ಲಿ ದೀಪಾವಳಿ. ಸಿಕ್ಕಿತು, ಭಾಷಣಕ್ಕೆ ಬೇಕಾದ ಪಟಾಕಿ ಸಿಕ್ಕಿತು! ರಾಜೀವಿ ಅಕ್ಕನ ಎಣ್ಣೆ ತಲೆನೋವೇ ಇದು! ಹೆಸರು ಹೇಳದೆ ಇದನ್ನೇ ಕೊನೆಗೆ ಹಾಕಿಬಿಟ್ಟರೆ ಅಲೆಕ್ಸಾಂಡರ್ ಸರ್ ಕನ್ನಡಕವನ್ನು ತೆಗೆದವರು ಹಾಕುವುದನ್ನೇ ಮರೆತಾರು. ಖುಷಿಯಲ್ಲಿ ಪುಟ ಸರಿಸಿದಳು.

ಅದೇ ರಾಜ್ಯ, ಎಂಟು ವರ್ಷ ಕಳೆದು ಮಾಡಿದ ಇನ್ನೊಂದು ನಿಯಮ. ಓಟು ಹಾಕಬೇಕಾದರೆ ಓದು ಬರಹ ಬರಬೇಕು, ಇಲ್ಲವೇ ಆಸ್ತಿ ಇರಬೇಕು. ಆದರೆ ಅರವತ್ತೇಳರ ಮೊದಲ ದಿನದೊಳಗೆ ಯಾರ ಅಪ್ಪನಿಗೋ ಅಜ್ಜನಿಗೋ ಓಟಿನ ಹಕ್ಕು ಇತ್ತೋ ಅವರಿಗೆ ಅದಾವುದೂ ಬೇಡ. ಕಪ್ಪು ಎಂಬ ಪದ ಅದರಲ್ಲಿ ಇಲ್ಲ. ಬಿಳಿ ಎಂಬ ಪದವೂ ಇಲ್ಲ. ಹಳಬರಿಗೆ ಸಲೀಸು, ಹೊಸಬರಿಗೆ ಕಷ್ಟ, ಅಷ್ಟೇ. ಗುಲಾಮರಾಗಿದ್ದವರ ಅಜ್ಜಂದಿರು ಆ ದಿನ ಯಾವ ಪಟ್ಟಿಯಲ್ಲಿದ್ದರು? ಎಲ್ಲರಿಗೂ ಒಂದೇ ರೂಲ್.

ಸುಮೀನಾಳ ಕೈ ತಾನಾಗಿಯೇ ಚಾರ್ಜರಿನ ವಯರಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ತಿರುಗಿ ನೋಡಿದಳು. ಕೊನೆಯ ಬೆಂಚಿನಲ್ಲಿ ನಕಾಟೊ ತಲೆಯನ್ನು ಮುಂದಿನ ಸೀಟಿಗೆ ಆನಿಸಿ, ಬಾಯಿಗೆ ಕರವಸ್ತ್ರ ಒತ್ತಿ ಕೂತಿದ್ದಳು. ಡಿಸ್ಕವರಿ ಗಾರ್ಡನ್ಸಿನಲ್ಲಿ ನಡುವಿನವರೆಲ್ಲ ಮಡಚುವ ಸೀಟು ಮಡಚಿ ದಾರಿ ಬಿಟ್ಟ ಮೇಲೆ ಇಳಿದವಳು, ಕಂಬ ಹಿಡಿದು ನಿಂತು ಉಸಿರು ಎಳೆದುಕೊಂಡಳು. ಆಮೇಲೆ ಓಡಿದಳು.

ಸಂಜೆ ಮರಳುವಾಗ ನಕಾಟೊ ವ್ಯಾನಿಗೆ ಬರಲಿಲ್ಲ. ಮನೆ ತಲುಪುವಾಗ ಫೋನಿನಲ್ಲಿ ಬೂದು ಬಣ್ಣದ ಒಂದು ಸಾಲು: ನಕಾಟೊ ಗ್ರೂಪನ್ನು ತೊರೆದಿದ್ದಾರೆ.

ಸುಮೀನಾ ಚೀಲ ಎಸೆದು ಹೊರಟಳು. "ಉಮ್ಮಾ, ಮೊರಾಕ್ಕೊಗೆ ಹೋಗಿ ಬರ್ತೇನೆ!"

"ಚಹಾ ಕುಡ್ದು ಹೋಗು" ಎಂದರು ಅಡುಗೆಮನೆಯಿಂದ ಉಮ್ಮ. ಆ ಮನೆಯಲ್ಲಿ ದೇಶಾಂತರ ಹೋಗುವುದೆಂದರೆ ಅಷ್ಟೇ.

ನಕಾಟೊಳ ಕೋಣೆಯಲ್ಲಿ ನಾಲ್ಕು ಮಂಚ, ಒಂದು ಕಿಟಕಿ, ಕಿಟಕಿಯಲ್ಲಿ ಬಾಚಣಿಗೆಯ ಪಕ್ಕ ಊರಿನ ತೆಂಗಿನೆಣ್ಣೆಯ ಡಬ್ಬ. ಬಾಗಿಲು ತೆಗೆದವಳು ಆಶ್ಚರ್ಯಪಟ್ಟರೂ, "ಬಲ, ಕುಲ್ಲು" ಎಂದು ತುಳುವಿನಲ್ಲಿ ಕೂರಲು ಹೇಳಿ ಮಂಚದ ತುದಿ ತೋರಿಸಿದಳು. ಮುಂದಿನದೆಲ್ಲ ಇಂಗ್ಲಿಷಿನಲ್ಲಿ.

"ನಾಳೆಯಿಂದ ಬಸ್ಸು" ಎಂದಳು. "ಹಿಂದಿನ ಸೀಟು ನನಗೆ ಆಗುವುದಿಲ್ಲ. ಚಿಕ್ಕವಳಿದ್ದಾಗಿನಿಂದ ಹೀಗೆ, ಗಾಡಿಯ ಹಿಂದೆ ಕೂತರೆ ಹೊಟ್ಟೆ ಬಾಯಿಗೆ ಬರುತ್ತದೆ. ಮೊನ್ನೆಯೂ ವಾಂತಿ, ಇವತ್ತೂ ವಾಂತಿ. ಮೇಲ್ವಿಚಾರಕಿ ಕರೆದು ಹೇಳಿದಳು, ದಿನಾ ಕಾಯಿಲೆಯಾಗಿ ಬರುವವಳ ಕೈಗೆ ಎಳೆಮಕ್ಕಳನ್ನು ಹೇಗೆ ಕೊಡುವುದು, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡುತ್ತೇವೆ ಅಂತ."

"ಬಸ್ಸಿನಲ್ಲಿ ಹೋದರೆ ಬೇಗ ಮುಟ್ಟುತ್ತೀರಾ?"

"ಬಸ್ಸು, ಮೆಟ್ರೊ, ಮತ್ತೆ ಬಸ್ಸು. ತಡವಾಗುತ್ತದೆ." ನಕಾಟೊ ನಕ್ಕಳು. "ಕಾಯಿಲೆಯವಳು ಅಂತ ಬಿಡಿಸಬೇಕೋ, ತಡವಾಗಿ ಬರುವವಳು ಅಂತ ಬಿಡಿಸಬೇಕೋ, ಅವರೇ ಆರಿಸಿಕೊಳ್ಳಲಿ."

"ಮೊದಲೇ ನನಗೆ ಹೇಳಬಾರದಿತ್ತಾ?"

"ಯಾರಿಗೆ ಹೇಳುವುದು? ರೂಲಿನಲ್ಲಿ ನನ್ನ ಹೆಸರೇ ಇರಲಿಲ್ಲವಲ್ಲ. ಎಲ್ಲರಿಗೂ ಒಂದೇ ಅಂತ ಬರೆದಿತ್ತು. ಓದಿ ನೋಡಿದೆ, ಎಷ್ಟು ಮರ್ಯಾದೆಯ ರೂಲು! ಅದರ ಲೆಕ್ಕದಲ್ಲಿ ನಾನು ಮೊನ್ನೆ ಮೊನ್ನೆ ಹುಟ್ಟಿದ ಕೂಸು. ತಾನ್ಯಾ ಕೂಡ ನನಗಿಂತ ಹಿರಿಯಳು."

ಸುಮೀನಾಳಿಗೆ ನಗು ಬಂತು. ನಕ್ಕ ಮೇಲೆ ಮುಖ ಬಿಸಿಯಾಯಿತು. ಗೋಡೆಯಲ್ಲಿ ಒಂದು ಫೋಟೋ ಅಂಟಿಸಿತ್ತು, ಕಪ್ಪು ಗೌನು ಹಾಕಿದ ಹುಡುಗಿ. "ಮಗಳು. ಕಂಪಾಲಾದಲ್ಲಿ ಕಾಲೇಜು, ನಿನ್ನ ಪ್ರಾಯ" ಎಂದಳು ನಕಾಟೊ. ಹಂಝ, ಕಾಕ ಸೇರಿ ಹಂಝಾಕ ಆದರು, ಸುಜಿತ್ ಸುಜಿತಣ್ಣ ಆದ, ನಿನ್ನೆ ಮೊನ್ನೆ ಸೇರಿದ ಬಿಹಾರದವ ಭಾಯಿ ಆದ. ತನ್ನ ಉಮ್ಮನ ಪ್ರಾಯದ ಈ ಹೆಂಗಸನ್ನು ಮಾತ್ರ ಸುಮೀನಾ ಎರಡು ವರ್ಷ ಬರೀ ಹೆಸರು ಹಿಡಿದು ಕರೆದಿದ್ದಳು. ಅದು ಯಾವ ರೂಲಿನಲ್ಲಿ ಬರೆದಿತ್ತು?

"ನಾಳೆ ಬೆಳಿಗ್ಗೆ ಇಲ್ಲಿ ವ್ಯಾನು ನಿಲ್ಲುವ ಕಂಬದ ಹತ್ತಿರ ಇರಿ ನಕಾಟೊ ಅಕ್ಕ" ಎಂದಳು ಎದ್ದು. "ನಿಮ್ಮ ಸೀಟು ನಿಮಗೆ. ಗ್ಯಾರಂಟಿ."

"ಯಾರ ಗ್ಯಾರಂಟಿ?"

"ಅಡ್ಮಿನ್ ಗ್ಯಾರಂಟಿ."

"ಹ್ಞೂಂ" ಎಂದಳು ನಕಾಟೊ, ಬರುತ್ತೇನೆ ಎನ್ನಲಿಲ್ಲ.

ಮೆಟ್ಟಿಲಿಳಿಯುತ್ತಲೇ ಸುಮೀನಾ ಟೈಪು ಮಾಡಿದಳು: 'ಸೀಟಿನ ರೂಲ್ ಕ್ಯಾನ್ಸಲ್. ತಪ್ಪು ಅಡ್ಮಿನ್‌ದು. ನಕಾಟೊ ಅಕ್ಕ ಈ ವ್ಯಾನಿನಲ್ಲಿ ಎರಡು ವರ್ಷದಿಂದ ಇದ್ದಾರೆ, ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ. ಹಿಂದೆ ಕೂತರೆ ಅವರಿಗೆ ವಾಂತಿ ಆಗುತ್ತದೆ, ಕೆಲಸ ಹೋಗುವ ಹಾಗೆ ಉಂಟು. ನಾಳೆಯಿಂದ ಅವರು ಮೊದಲಿದ್ದ ಸೀಟಿನಲ್ಲೇ. ನಾನು ಹಿಂದೆ.' ಸುಜಿತ್ ಕೂಡಲೇ ಬರೆದ: 'ಅಡ್ಮಿನ್ ಅಂದ್ರೆ ರಾಜ್ಯದ ರಾಣಿಯಾ? ಬೇಕಾದಾಗ ಕಾನೂನು, ಬೇಡಾದಾಗ ಕ್ಯಾನ್ಸಲ್!' ಮತ್ತೊಂದು ಕ್ಷಣಕ್ಕೆ ಹೆಬ್ಬೆರಳು ಒತ್ತಿದ. ಇನ್ನು ಕೆಲವರೂ ಒತ್ತಿದರು. ರಾಜೀವಿಯ ಹೆಸರಿನ ಎದುರು ಎರಡು ನೀಲಿ ಗೆರೆ ಮಾತ್ರ. ಓದಿದ್ದಾಳೆ.

ಗುರುವಾರ ಬೆಳಿಗ್ಗೆ ಫ್ರಾನ್ಸಿನಲ್ಲಿ ವ್ಯಾನು ಹತ್ತಿದ ಸುಮೀನಾ ನೇರ ಕೊನೆಯ ಬೆಂಚಿಗೆ ಹೋಗಿ ರಾಣಿಯಂತೆಯೇ ಕೂತಳು. ಕೂತ ಮೇಲೆ ಫೋನು ನೋಡಿದರೆ ಬ್ಯಾಟರಿ ಕೆಂಪು. ರಾತ್ರಿ ಚಾರ್ಜಿಗೆ ಇಡಲು ಮರೆತಿದ್ದಳು. ಭಾಷಣ ಪೂರ್ತಿ ಅದರೊಳಗೆ.

ಪರ್ಶಿಯಾದಲ್ಲಿ ರಾಜೀವಿ ಹತ್ತಿದಳು. ತನ್ನ ಕಿಟಕಿಯ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ತನ್ನ ದೊಡ್ಡ ಚೀಲ ಇಟ್ಟಳು. ಸ್ಪೇನಿನಲ್ಲಿ ಸುಜಿತ್ ಹತ್ತಿ ಚೀಲ ನೋಡಿದ, ಹಿಂದೆ ಸುಮೀನಾಳನ್ನು ನೋಡಿದ, ನಡುವಿನ ಸಾಲಿನಲ್ಲಿ ಕೂತ.

"ರಾಜೀವಿ ಅಕ್ಕ" ಎಂದು ಸುಮೀನಾ ಹಿಂದಿನಿಂದ ಕೂಗಿದಳು. "ಚೀಲಕ್ಕೂ ಬಾಡಿಗೆ ಕೊಟ್ಟಿದ್ದೀರಾ?"

"ನೀನು ತಮಾಷೆ ಮಾಡ್ಬೇಡ. ಗ್ರೂಪಿನಲ್ಲಿ ಎಲ್ಲರ ಎದುರು ನನ್ನ ಮರ್ಯಾದೆ ತೆಗ್ದದ್ದು ಸಾಕು."

"ನಿಮ್ಮ ಹೆಸರೇ ಹಾಕ್ಲಿಲ್ಲ ಅಲ್ವಾ ಅಕ್ಕ?"

"ಹಾಕದಿದ್ರೂ ಎಲ್ಲರಿಗೂ ಗೊತ್ತಾಗ್ತದೆ."

"ಹೌದಲ್ಲಾ! ನನ್ನ ರೂಲಿನಲ್ಲೂ ಹಾಗೇ. ಅವರ ಹೆಸರು ಹಾಕ್ಲಿಲ್ಲ, ಆದ್ರೂ ಎಲ್ಲರಿಗೂ ಗೊತ್ತಾಯ್ತು."

ಸುಜಿತ್ ಕೆಮ್ಮಿದ. ರಾಜೀವಿ ಪೂರ್ತಿ ಹಿಂದೆ ತಿರುಗಿದಳು. "ನಾನೆಂತ ಕೆಟ್ಟವಳಾ? ನನ್ನ ಮಗುವನ್ನೇ ಅವಳ ಕೈಗೆ ಕೊಟ್ಟಿದ್ದೆ. ನನ್ನ ತಾಯಿ ಕೊಟ್ಟ ತೆಂಗಿನೆಣ್ಣೆ ಡಬ್ಬ ಸಹ ಅವಳಿಗೆ ಕೊಟ್ಟಿದ್ದೇನೆ."

"ಅದೇ ಎಣ್ಣೆ ಅಕ್ಕ ಅವರು ತಲೆಗೆ ಹಾಕುದು."

ಹಂಝಾಕ ಎ.ಸಿ.ಯನ್ನು ಒಂದು ಸುತ್ತು ಹೆಚ್ಚಿಸಿದರು.

"ಮಗು ಮಡಿಲಲ್ಲಿ ಇದ್ದಾಗ ಅದೇ ಸೀಟು ಆಗ್ತಿತ್ತು" ಎಂದಳು ಸುಮೀನಾ, ಸ್ವಲ್ಪ ತಗ್ಗಿದ ದನಿಯಲ್ಲಿ. "ಮಗು ಇಲ್ಲ ಅಂತ ಆದ ಕೂಡ್ಲೆ ಆಗುದಿಲ್ಲ. ಗೊತ್ತುಂಟಾ, ಅಮೆರಿಕದಲ್ಲಿ ಇದನ್ನೇ ಕಾನೂನು ಅಂತ ಬರ್ದಿದ್ರು. ದಾದಿ ಆದ್ರೆ ಬಿಳಿಯರ ಬೋಗಿಯಲ್ಲಿ ಕೂರ್ಬಹುದು, ಟಿಕೆಟ್ ತೆಗ್ದವಳು ಆದ್ರೆ ಆಗುದಿಲ್ಲ."

"ನಾನೆಂತ ಬಿಳಿಯಾ?" ರಾಜೀವಿ ತೋಳು ಚಾಚಿದಳು. "ನೋಡು ನನ್ನ ಬಣ್ಣ! ನನ್ನ ಗಂಡನ ಮನೆಯವರು ಹೆಣ್ಣು ನೋಡ್ಲಿಕ್ಕೆ ಬಂದಾಗ ಎಂತ ಹೇಳಿದ್ರು ಕೇಳು ಬೇಕಾದ್ರೆ."

"ನನ್ನದೂ ನೋಡಿ ಅಕ್ಕ, ನಿಮಗಿಂತ ಒಂದು ಕೈ ಮೇಲೆ. ರೂಲ್ ಬರ್ದದ್ದು ನಾನು. ಚಾರ್ಜರ್ ಇದ್ದ ಸೀಟು ಸಿಕ್ಕಿದ್ದೂ ನಂಗೇ. ನಿಮ್ಮನ್ನು ಮಾತ್ರ ಬೈಲಿಕ್ಕೆ ನಂಗೆಂತ ಹಕ್ಕು?"

ರಾಜೀವಿ ಮುಂದೆ ತಿರುಗಿದಳು. ಯಾರಿಗೂ ಅಲ್ಲ ಎಂಬಂತೆ ಹೇಳಿದಳು: "ಎಲ್ಲರ ಎದುರು ಹೆಸರು ಹಿಡ್ದು ಕರೆದಳು. ನಿನ್ನೆ ತನಕ ಮೇಡಂ. ಒಂದು ರಾತ್ರಿಯಲ್ಲಿ ರಾಜೀವಿ."

"ನೀವು ಅವರನ್ನು ಎಂತ ಕರೆಯುದು ಅಕ್ಕ?"

"ನಕಾಟೊ."

"ಅವರ ಮಗಳು ನನ್ನಷ್ಟು ದೊಡ್ಡವಳು."

"ಅಂದ್ರೆ ಪ್ರಾಯದಲ್ಲಿ ಅವರೇ ಅಕ್ಕ!" ಸುಜಿತ್‌ಗೆ ತಡೆಯಲಾಗಲಿಲ್ಲ. "ರಾಜೀವಕ್ಕ, ನಿಮ್ಮ ಪ್ರಾಯ ಮಾತ್ರ ಹೇಳ್ಬೇಡಿ, ವ್ಯಾನಿಗೆ ಕಿವಿ ಉಂಟು."

"ನೀನು ಸುಮ್ಮನಿರು ಸಿಗರೇಟು."

"ಯಲ್ಲಾ, ಯಲ್ಲಾ, ಸಾಕು" ಎಂದರು ಹಂಝಾಕ ಕನ್ನಡಿಯಲ್ಲಿ ಎಲ್ಲರನ್ನೂ ಒಮ್ಮೆ ನೋಡಿ. "ಮೊರಾಕ್ಕೊ ಬಂತು."

ಕಂಬದ ಹತ್ತಿರ ಯಾರೂ ಇರಲಿಲ್ಲ.

ಸುಮೀನಾ ಕಿಟಕಿಗೆ ಮುಖ ಒತ್ತಿ ರಸ್ತೆಯ ಎರಡೂ ಕಡೆ ನೋಡಿದಳು. ಹಂಝಾಕ ಹಾರ್ನ್ ಹೊಡೆದರು. ಸುಜಿತನ ಸಿಗರೇಟಿಗೆ ಬೈಯುವ ಮನುಷ್ಯ ಇವತ್ತು ಗೇರು ಹಾಕದೆ ಕೂತರು. ಹಿಂದಿನ ಕಾರಿನವ ತನ್ನ ಹಾರ್ನ್ ಹೊಡೆದ. ಆಗ ಬಸ್‌ಸ್ಟಾಪಿನ ಕಡೆಯಿಂದ ನೀಲಿ ಅಂಗಿ ಓಡಿ ಬಂತು. ಬಸ್ಸಿಗೆ ಎಂದು ಹೊರಟವಳು ಅರ್ಧ ದಾರಿಯಿಂದ ತಿರುಗಿದ್ದಳು.

ಹತ್ತಿದವಳು ತಲೆ ತಗ್ಗಿಸಿ ನೇರ ಹಿಂದೆ ನಡೆದಳು. ರೂಲು ಹೋದರೂ ಕಾಲಿಗೆ ಸುದ್ದಿ ಮುಟ್ಟಿರಲಿಲ್ಲ.

"ಇಲ್ಲಿ ಹೌಸ್‌ಫುಲ್ ಅಕ್ಕ!" ಸುಮೀನಾ ಬೆಂಚಿನ ಉದ್ದಕ್ಕೂ ಕೈ ಚಾಚಿದಳು. "ನಿಮ್ಮದು ಅಲ್ಲಿ."

ನಕಾಟೊ ತಿರುಗಿದಳು. ಎರಡನೇ ಸಾಲಿನಲ್ಲಿ ಚೀಲ ಕೂತಿತ್ತು. ಅವಳು ನಿಂತಳು. ಹಂಝಾಕರೂ ಹೊರಡಲಿಲ್ಲ. ಹಿಂದಿನ ಕಾರಿನವ ಈಗ ಹಾರ್ನ್ ಮೇಲೆ ಕೂತೇ ಬಿಟ್ಟಿದ್ದ.

ರಾಜೀವಿ ಕಿಟಕಿಯಾಚೆ ನೋಡುತ್ತಲೇ ಒಂದು ಕೈಯಿಂದ ಚೀಲ ಎಳೆದು ತನ್ನ ಮಡಿಲಿಗೆ ಹಾಕಿಕೊಂಡಳು.

ನಕಾಟೊ ಕೂತಳು. ವ್ಯಾನು ಹೊರಟಿತು.

"ಗುಡ್ ಮಾರ್ನಿಂಗ್, ರಾಜೀವಿ."

ಸುಮೀನಾ ಕಿವಿ ನಿಮಿರಿಸಿ ಮುಂದಕ್ಕೆ ಬಾಗಿದಳು. ಸುಜಿತ್ ಕೂಡ. ರಾಸ್ ಅಲ್ ಖೋರ್ ಬಂತು, ಸುಜಿತ್ ಇಳಿಯಲು ಮನಸ್ಸಿಲ್ಲದೆ ಇಳಿದ. ದೊಡ್ಡ ರಸ್ತೆ ಸೇರಿ, ಲಾರಿಗಳ ಸಾಲು ದಾಟಿದ ಮೇಲೆ ರಾಜೀವಿಯ ದನಿ ಕೇಳಿಸಿತು. ಇಂಗ್ಲಿಷು, ತುಳು ಎರಡೂ ಕಲಸಿದ ಮಾತು.

"ತಾನ್ಯಾ ಶಾಲೆಗೆ ಹೋಗ್ಲಿಕ್ಕೆ ಕೇಳುದಿಲ್ಲ. ದಿನಾ ಬೆಳಿಗ್ಗೆ ಸಾಕ್ಸ್ ತೆಗ್ದು ಬಿಸಾಡ್ತಾಳೆ."

"ತುದಿಯ ಹೊಲಿಗೆ ಬೆರಳಿಗೆ ಚುಚ್ಚುತ್ತದೆ ಅವಳಿಗೆ" ಎಂದಳು ನಕಾಟೊ. "ಒಳಮೈ ಹೊರಗೆ ಮಾಡಿ ಹಾಕು, ಸುಮ್ಮನಾಗುತ್ತಾಳೆ."

"ಇಷ್ಟೇಯಾ?"

"ಇಷ್ಟೇ."

"ಇದನ್ನು ನಂಗೆ ಮೊದ್ಲೇ ಹೇಳ್ಬಹುದಿತ್ತಲ್ಲ!"

"ನೀನು ಕಿಟಕಿ ನೋಡುತ್ತಿದ್ದೆ ರಾಜೀವಿ."

ಹಿಂದೆ ಸುಮೀನಾಳ ಫೋನು ಕೊನೆಯ ಬಾರಿ ಕಂಪಿಸಿ ಎಚ್ಚರಿಸಿತು. ಅವಳಿಗೆ ಈಗ ತಡೆಯಲಾಗಲಿಲ್ಲ. "ಅಕ್ಕಂದಿರೇ, ಒಂದು ಉಪಕಾರ!" ಎಂದು ಫೋನನ್ನೂ ವಯರನ್ನೂ ಮುಂದೆ ದಾಟಿಸಿದಳು. ಬಿಹಾರದ ಭಾಯಿಯ ಕೈಯಿಂದ ನಕಾಟೊಳ ಕೈಗೆ ಬಂತು. ಪಾಯಿಂಟು ರಾಜೀವಿಯ ಚೀಲದ ಬುಡದಲ್ಲಿತ್ತು. ನಕಾಟೊ ವಯರಿನ ತುದಿ ಚಾಚಿದಳು. ರಾಜೀವಿ ಚೀಲ ಎತ್ತಿ, ಬಗ್ಗಿ, ಗೊಣಗುತ್ತ ಸಿಕ್ಕಿಸಿದಳು. ಟಿಂಗ್.

ಡಿಸ್ಕವರಿ ಗಾರ್ಡನ್ಸಿನಲ್ಲಿ ಯಾರೂ ಏಳಬೇಕಾಗಲಿಲ್ಲ, ಯಾವ ಸೀಟೂ ಮಡಚಬೇಕಾಗಲಿಲ್ಲ. ನಕಾಟೊ ಎರಡೇ ಹೆಜ್ಜೆಗೆ ಹೊರಗಿದ್ದಳು. ಕಂಬ ಹಿಡಿಯಲಿಲ್ಲ. ಕಾಲರು ಸರಿಮಾಡಿಕೊಂಡು ಶಿಶುವಿಹಾರದ ಗೇಟಿನ ಕಡೆ ನಡೆದಳು. ಗೇಟಿನಲ್ಲಿ ಅಮ್ಮನ ಕಾಲಿಗೆ ಅಂಟಿ ಅಳುತ್ತಿದ್ದ ಒಂದು ಮಗು ಅವಳನ್ನು ಕಂಡು ಎರಡೂ ಕೈ ಎತ್ತಿತು. ಒಳಗೆ ನಿಂತಿದ್ದ ಮೇಲ್ವಿಚಾರಕಿ ಮೊದಲು ಗಡಿಯಾರ ನೋಡಿ, ಆಮೇಲೆ ನಕಾಟೊಳ ಮುಖ ನೋಡಿ, ಗೇಟು ಪೂರ್ತಿ ತೆಗೆದಳು. "ಬಲ, ಬಲ" ಎಂಬುದು ವ್ಯಾನಿನ ತನಕ ಕೇಳಿಸಿತು.

ರಾಜೀವಿ ಅದನ್ನೇ ನೋಡುತ್ತಿದ್ದಳು. ಈ ಸಲ ಕಿಟಕಿಯಾಚೆ ನೋಡುವಂಥದ್ದು ಇತ್ತು.

ಕಾಲೇಜು ಹತ್ತಿರ ಬಂದಾಗ ಸುಮೀನಾ ಮುಂದೆ ಬಂದು ಕೈಚಾಚಿದಳು. ರಾಜೀವಿ ಫೋನು ಕಿತ್ತು ಕೊಟ್ಟಳು. ಪೂರ್ತಿ ಬಿಡಲಿಲ್ಲ, ಅರ್ಧ ಹಿಡಿದುಕೊಂಡೇ ಕೇಳಿದಳು: "ಆ ಭಾಷಣದಲ್ಲಿ ನಮ್ಮ ವ್ಯಾನಿನ ಸುದ್ದಿ ಉಂಟಾ?"

"ಉಂಟು."

"ನನ್ನ ಹೆಸ್ರು ಹಾಕಿದ್ರೆ ಕಾಲು ಮುರಿತೇನೆ ನೋಡು."

"ಹಾಕುದಿಲ್ಲ ಅಕ್ಕ" ಎಂದಳು ಸುಮೀನಾ, ಫೋನು ಎಳೆದುಕೊಂಡು ಮೆಟ್ಟಿಲು ಹಾರಿ ಇಳಿಯುತ್ತ. "ನನ್ನದೇ ಹಾಕ್ತೇನೆ!"